ಕಾರು ಚೆನ್ನಾಗಿದೆ, ವಾಷರ್ ಪಂಪ್ ಇಟ್ಟ ಜಾಗ ಸರಿಯಿಲ್ಲ, ಗ್ಯಾರೇಜಿನವರ ಮಾತಂತೂ ನಂಬುವ ಹಾಗಿಲ್ಲ

2018ರಲ್ಲಿ ತಗೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದು. ಮನೆ ಶಿವಮೊಗ್ಗದಲ್ಲಿ, ತೋಟ ತೀರ್ಥಹಳ್ಳಿಯಿಂದ ಆಚೆ. ಹಾಗಾಗಿ ಗಾಜನೂರು, ಮಂಡಗದ್ದೆ ದಾರಿಯಲ್ಲೇ ಇದರ ಓಡಾಟ ಜಾಸ್ತಿ. ಎಂಜಿನ್, ಗೇರ್, ಎಸಿ ಯಾವುದರ ಮೇಲೂ ದೂರಿಲ್ಲ, ಮೈಲೇಜೂ ಪರವಾಗಿಲ್ಲ. ನಾನು ಹೇಳಬೇಕಿರುವುದು ಮುಂದಿನ ಗಾಜಿಗೆ ನೀರು ಚಿಮ್ಮುವ ವಾಷರ್ ಬಗ್ಗೆ. ಕಾರು ಕೊಳ್ಳುವಾಗ ಯಾರೂ ಇದನ್ನು ಒತ್ತಿ ನೋಡುವುದಿಲ್ಲ. ಕೆಟ್ಟಾಗ ಗ್ಯಾರೇಜಿನವರು ಏನು ಹೇಳಿದರೂ ಒಪ್ಪಿಕೊಳ್ಳುತ್ತೇವೆ.

ಮಳೆ ಸುರಿಯುವ ಊರಲ್ಲಿ ವಾಷರ್ ಯಾಕೆ ಅಂತ ಕೇಳುವವರಿದ್ದಾರೆ. ಜೋರು ಮಳೆಯಲ್ಲಿ ಬೇಡ, ನಿಜ. ಮಳೆ ನಿಂತು ರಸ್ತೆ ಮಾತ್ರ ಒದ್ದೆ ಇರುವಾಗ ಬೇಕು. ಮುಂದೆ ಒಂದು ಟಿಪ್ಪರ್ ಇದ್ದರೆ ಅದರ ಚಕ್ರದಿಂದ ಎದ್ದ ಕೆಮ್ಮಣ್ಣಿನ ನೀರು ಪೂರ್ತಿ ಗಾಜಿನ ಮೇಲೆ ಬಂದು ಕೂರುತ್ತದೆ, ನೀರಿಲ್ಲದೆ ವೈಪರ್ ಹಾಕಿದರೆ ಅದು ಹೋಗುವುದಿಲ್ಲ, ಎಲ್ಲ ಕಡೆ ಹರಡಿಕೊಳ್ಳುತ್ತದೆ, ಆಗಲೇ ಎದುರಿನಿಂದ ಬಸ್ಸಿನ ಲೈಟ್ ಬಿತ್ತು ಅಂದರೆ ರಸ್ತೆಯ ಅಂಚೇ ಕಾಣುವುದಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಹಾಗಾದರೆ ಏನು ಗತಿ? ಇನ್ನು ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ಹತ್ತಿರ ನಿಲ್ಲಿಸಿದ ಕಾರಿನ ಗಾಜಿನ ಮೇಲೆ ಬೋರ್ಡೋ ದ್ರಾವಣದ ಹನಿ ಒಣಗಿ ಕೂತಿರುತ್ತದೆ. ಮೈಲುತುತ್ತ, ಸುಣ್ಣ ಎರಡೂ ಸೇರಿದ್ದು ಅದು. ಒಣ ವೈಪರ್ ಎಳೆದರೆ ಉಜ್ಜಿ ಗೀರು ಬೀಳುತ್ತದೆ.

ಮೊದಲ ಸಲ ಕೆಟ್ಟಾಗ ಮುಂದೆ ನೀರು ಬರುತ್ತಿರಲಿಲ್ಲ, ಹಿಂದಿನ ಗಾಜಿಗೆ ಬರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ, "ಸರ್, ಮೋಟರ್ ವೀಕ್ ಆಗಿದೆ, ಟ್ಯಾಂಕ್ ಸಮೇತ ಚೇಂಜ್ ಮಾಡ್ಬೇಕು" ಅಂದರು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಈ ಕಾರಿನಲ್ಲಿ ಮುಂದಕ್ಕೂ ಹಿಂದಕ್ಕೂ ಸೇರಿ ಇರುವುದು ಒಂದೇ ಮೋಟರ್. ಒಂದು ಕಡೆಗೆ ತಿರುಗಿದರೆ ಮುಂದಿನ ಪೈಪಿಗೆ ನೀರು ಹೋಗುತ್ತದೆ, ಉಲ್ಟಾ ತಿರುಗಿದರೆ ಹಿಂದಿನ ಪೈಪಿಗೆ. ಹಿಂದೆ ಚೆನ್ನಾಗಿ ಚಿಮ್ಮುತ್ತಿದೆ, ಮುಂದಿನದಕ್ಕೆ ಲಿವರ್ ಎಳೆದರೂ ಗುಂಯ್ ಅನ್ನುವ ಸದ್ದು ಕೇಳುತ್ತದೆ, ಅಂದ ಮೇಲೆ ಮೋಟರ್ ಹೋಗಿದೆ ಅನ್ನುವುದು ಹೇಗೆ? ಬಾನೆಟ್ಟಿನ ಒಳಗಿನ ಹೊದಿಕೆ ಒಂದು ಮೂಲೆಯಲ್ಲಿ ಒದ್ದೆಯಾಗಿತ್ತು. ಅಲ್ಲೇ ಇಲಿ ಪೈಪು ಕಡಿದಿತ್ತು. ಒಂದು ಮೊಳ ರಬ್ಬರ್ ಪೈಪು ಹಾಕಿಸಿದೆ, ಸರಿಹೋಯಿತು. ಕೆಲವರು ಈ ಜಾಗಕ್ಕೆ ಮೀನಿನ ತೊಟ್ಟಿಯ ಪ್ಲಾಸ್ಟಿಕ್ ಪೈಪು ಹಾಕುತ್ತಾರೆ, ಬೇಡ. ಎಂಜಿನ್ ಬಿಸಿಗೆ ಗಟ್ಟಿಯಾಗಿ ಜಾಯಿಂಟಿನಿಂದ ಕಳಚಿಕೊಳ್ಳುತ್ತದೆ.

ಎರಡನೆಯ ಸಲ ಸದ್ದೇ ಇಲ್ಲ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಫ್ಯೂಸ್ ಸರಿಯಿತ್ತು. ಲಿವರ್ ಎಳೆದರೆ ವೈಪರ್ ಮಾತ್ರ ಎರಡು ಮೂರು ಸಲ ಓಡಿ ನಿಲ್ಲುತ್ತಿತ್ತು. ಕಂಪನಿಯ ಸರ್ವಿಸ್ ಸೆಂಟರಿಗೇ ಕೊಟ್ಟೆ. ಸ್ಕ್ಯಾನರ್ ಹಾಕಿದರು, ಅದರಲ್ಲಿ ಏನೂ ಬರಲಿಲ್ಲ. ಆಮೇಲೆ ಬಿಸಿಎಂ ಹೋಗಿದೆ ಅಂದರು, ಅಂದರೆ ಲೈಟು, ಲಾಕು, ಹಾರನ್ನು ಎಲ್ಲವನ್ನೂ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಎಸ್ಟಿಮೇಟ್ 15 ಸಾವಿರಕ್ಕೂ ಮೇಲೆ. ಉಳಿದದ್ದೆಲ್ಲ ಸರಿಯಾಗಿ ನಡೆಯುತ್ತಿರುವಾಗ ಬರೀ ವಾಷರ್‌ಗೆ ಆ ಪೆಟ್ಟಿಗೆ ಹೇಗೆ ಕಾರಣ ಅಂತ ಕೇಳಿದರೆ "ಹಾಕಿ ನೋಡಬೇಕು ಸರ್" ಅನ್ನುವುದೇ ಉತ್ತರ. ಹಾಕಿ ನೋಡುವ ಖರ್ಚು ಯಾರದು? ಇನ್ನೊಂದು ಗ್ಯಾರೇಜಿನಲ್ಲಿ ಸ್ಟೀರಿಂಗ್ ಹತ್ತಿರದ ಕಾಂಬಿನೇಷನ್ ಸ್ವಿಚ್ ಹೋಗಿದೆ, 4 ಸಾವಿರ ಆಗುತ್ತದೆ ಅಂದರು. ಇಬ್ಬರೂ ಪಂಪ್ ಇರುವ ಜಾಗಕ್ಕೆ ಕೈ ಹಾಕಿಯೇ ಇರಲಿಲ್ಲ. ನಾಡಿ ಹಿಡಿಯದೆ ಔಷಧಿ ಬರೆದುಕೊಟ್ಟ ಹಾಗೆ.

ಕೊನೆಗೆ ಇದನ್ನು ಸರಿಮಾಡಿದವರು ತೀರ್ಥಹಳ್ಳಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್. ಅವರು ಮಾಡಿದ ಕ್ರಮ ಎಲ್ಲರಿಗೂ ಗೊತ್ತಿರಬೇಕು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಕವರಿನ ಕ್ಲಿಪ್ ತೆಗೆದು ಕವರನ್ನು ಬಗ್ಗಿಸಿದರು. ಒಳಗೆ ಟ್ಯಾಂಕು, ಅದರ ತಳದಲ್ಲಿ ಪಂಪ್. ಪಂಪಿನ ಕನೆಕ್ಟರ್ ಕಿತ್ತು ಅದರ ಎರಡು ಪಿನ್ನಿಗೆ ಟೆಸ್ಟ್ ಲ್ಯಾಂಪ್ ಹಿಡಿದು, "ಈಗ ಲಿವರ್ ಎಳೀರಿ ಮಾರಾಯ್ರೆ" ಅಂದರು. ಬಲ್ಬ್ ಕಣಕಣ ಉರಿಯಿತು. ಅಲ್ಲಿಗೆ ಫ್ಯೂಸು, ಸ್ವಿಚ್ಚು, ನಡುವಿನ ವೈರು, ಏನೇ ಪೆಟ್ಟಿಗೆ ಇದ್ದರೂ ಅದು, ಎಲ್ಲ ಸರಿಯಿದೆ ಅಂತ ಒಂದೇ ಸಲಕ್ಕೆ ಗೊತ್ತಾಯಿತು. ಆಮೇಲೆ ಬ್ಯಾಟರಿಯಿಂದ ನೇರ ಎರಡು ವೈರು ಎಳೆದು ಪಂಪಿಗೆ ಕೊಟ್ಟರು, ಪಂಪ್ ಓಡಿತು. ಎರಡೂ ಸರಿ ಇದ್ದ ಮೇಲೆ ಉಳಿಯುವುದು ಅವು ಸೇರುವ ಜಾಗ ಮಾತ್ರ ಅಲ್ವಾ? ಪಂಪಿನ ಕಡೆಯ ಒಂದು ಪಿನ್ ಪೂರ್ತಿ ಹಸಿರು ಕಿಲುಬು ಹಿಡಿದಿತ್ತು. ಕೆರೆದು ಸ್ವಚ್ಛ ಮಾಡಿ, ಕನೆಕ್ಟರ್ ಹೊಸದು ಹಾಕಿ, ಗ್ರೀಸ್ ಸವರಿ ಕೂರಿಸಿದರು. ಸಾಮಾನು, ಮಜೂರಿ ಸೇರಿ 250 ರೂಪಾಯಿ.

ಮೀಟರ್ ಇದ್ದರೂ ಬಲ್ಬೇ ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ನೆನಪಿಡುವ ಮಾತು. ವೈರಿನ ಎಳೆಗಳೆಲ್ಲ ಕೊಳೆತು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ, ಯಾಕೆಂದರೆ ಅದು ಕರೆಂಟ್ ಎಳೆಯುವುದೇ ಇಲ್ಲ ಅನ್ನಬೇಕು. ಬಲ್ಬ್ ಕರೆಂಟ್ ಎಳೆಯುತ್ತದೆ, ವೈರು ಸೋತಿದ್ದರೆ ಮಂಕಾಗಿ ಉರಿದು ತೋರಿಸಿಕೊಡುತ್ತದೆ.

ಕಿಲುಬು ಯಾಕೆ ಬಂತು ಅಂದರೆ, ಆ ಪ್ಲಾಸ್ಟಿಕ್ ಕವರಿಗೆ ಇರಬೇಕಾದ ಕ್ಲಿಪ್‌ಗಳಲ್ಲಿ ಅರ್ಧ ಇರಲೇ ಇಲ್ಲ. ಮುಂಚೆ ಯಾವಾಗಲೋ ಬಂಪರ್ ಬಿಚ್ಚಿದವರು ವಾಪಸ್ ಹಾಕಿಲ್ಲ. ಆ ಸಂದಿಯಿಂದ ಚಕ್ರದ ಕೆಸರು ನೇರ ಕನೆಕ್ಟರ್ ಮೇಲೆ ಬೀಳುತ್ತಿತ್ತು. ಕೆಸರು ಹಾರುವ ಜಾಗದಲ್ಲೇ ಪಂಪ್ ಇಟ್ಟು ಅದರ ರಕ್ಷಣೆಗೆ ತೆಳು ಕವರ್ ಒಂದನ್ನೇ ನಂಬಿರುವುದು ಕಾರು ಮಾಡಿದವರ ತಪ್ಪು. ಬಯಲುಸೀಮೆಯಲ್ಲಿ ನಡೆದೀತು, ನಮ್ಮ ಕಡೆ ನಡೆಯುವುದಿಲ್ಲ.

2023ರಲ್ಲಿ ಮೋಟರೇ ನಿಜವಾಗಿ ಹೋಯಿತು, ಅದೂ ಇದೇ ಬಲ್ಬಿನ ಪರೀಕ್ಷೆಯಲ್ಲೇ ಗೊತ್ತಾಯಿತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲೋಕಲ್ ಪಂಪ್ ಒಂದು ತಗೊಂಡೆ, ಒರಿಜಿನಲ್‌ಗಿಂತ ಅರ್ಧ ಬೆಲೆ. ಈವರೆಗೂ ಚೆನ್ನಾಗಿ ಓಡುತ್ತಿದೆ. ಆದರೆ ಅದರ ಜೊತೆ ಬಂದ, ಪಂಪ್ ಟ್ಯಾಂಕಿಗೆ ಸೇರುವ ತೂತಿನಲ್ಲಿ ಕೂರುವ ರಬ್ಬರ್ ಬುಷ್ ಸರಿಯಾಗಿ ಕೂರದೆ ಟ್ಯಾಂಕ್ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿತ್ತು. ಹಳೇ ಬುಷ್ಷನ್ನೇ ತೊಳೆದು ಹಾಕಿದ ಮೇಲೆ ನಿಂತಿತು. ಅದರ ಒಳಗೇ ಸಣ್ಣ ಜಾಲರಿ ಇರುತ್ತದೆ, ಪಾಚಿ ಕಟ್ಟಿದ್ದರೆ ಆಗಲೇ ತೆಗೆಯಿರಿ. ಟ್ಯಾಂಕಿಗೆ ಸೋಪಿನ ಪುಡಿ ಹಾಕಬೇಡಿ, ಕರಗದೆ ಉಳಿದದ್ದೆಲ್ಲ ಜಾಲರಿಗೆ ಹೋಗಿ ಕೂರುತ್ತದೆ.

ಗ್ಯಾರೇಜಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: ಪಂಪಿನವರೆಗೆ ಕರೆಂಟ್ ಬರ್ತಾ ಇದೆಯಾ, ತೋರಿಸಿ. ತೋರಿಸದೆ ಪಾರ್ಟ್ ಹೆಸರು ಹೇಳಿದರೆ ಒಪ್ಪಬೇಡಿ. ಬದಲಾಯಿಸಿದ ಹಳೇ ಪಾರ್ಟ್ ಕೈಗೆ ಕೊಡಿ ಅನ್ನಿ, ಬಿಲ್ ಕೇಳಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ, ದೂರು ಹೇಳಲು 1915 ಸಹಾಯವಾಣಿ ಇದೆ.

ಕಾರಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ, ವಾಷರ್ ವಿನ್ಯಾಸಕ್ಕೆ ಎರಡು, ಸರ್ವಿಸ್ ಸೆಂಟರಿಗೆ ಒಂದು. ಟ್ಯಾಂಕಿನಲ್ಲಿ ನೀರು ಮುಗಿದರೆ ಡ್ಯಾಶ್‌ಬೋರ್ಡಿನಲ್ಲಿ ಸೂಚನೆ ಬರುವುದಿಲ್ಲ, ಕತ್ತು ಉದ್ದ ಇರುವುದರಿಂದ ಬಗ್ಗಿ ನೋಡಿದರೂ ಕಾಣುವುದಿಲ್ಲ, ಹಾಗಾಗಿ ಪೆಟ್ರೋಲ್ ಹಾಕಿಸುವಾಗಲೆಲ್ಲ ತುಂಬಿಸಿಕೊಳ್ಳಿ. ಸದ್ಯ ಹಿಂದಿನ ಗಾಜಿಗೆ ನೀರು ಬರುವುದು ಸ್ವಲ್ಪ ತಡವಾಗುತ್ತಿದೆ. ಪೈಪಿನಲ್ಲಿರುವ ಒನ್‌ವೇ ವಾಲ್ವ್ ನೀರನ್ನು ಹಿಡಿದಿಡುತ್ತಿಲ್ಲ ಅನ್ನಿಸುತ್ತದೆ, ಜೂನ್ ಮಳೆ ಶುರುವಾಗುವ ಮೊದಲು ಅದನ್ನು ಬದಲಾಯಿಸಿ ಮತ್ತೆ ಬರೆಯುತ್ತೇನೆ.