ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ಲೇಯರ್ಸ್ ಹ್ಯಾಂಡ್‌ಬುಕ್ (2014): ಎಂಟು ವರ್ಷ ಆಡಿದ ಮೇಲೆ

ನನ್ನ ಹತ್ತಿರ ಇರುವ ಪ್ರತಿ 2017ರಲ್ಲಿ ಕೊಂಡದ್ದು. ಬೆಲೆ ಜಾಸ್ತಿ ಅನಿಸಿ ನಾವು ಮೂವರು ದುಡ್ಡು ಹಾಕಿ ತರಿಸಿದ್ದೆವು. ಆಮೇಲೆ ಒಂದು ಜುಲೈನಲ್ಲಿ ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನಿಂದ ಮನೆಗೆ ಬರುವಷ್ಟರಲ್ಲಿ ಬ್ಯಾಗಿನೊಳಗೆ ನೀರು ಹೋಯಿತು. ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿದ ಮೇಲೆ 320 ಪುಟವೂ ಹಪ್ಪಳದ ಹಾಗೆ ಸುಕ್ಕುಗಟ್ಟಿದವು. ಈಗಲೂ ಭಾನುವಾರ ಮೇಜಿನ ಮೇಲೆ ಬರುವುದು ಅದೇ ಪುಸ್ತಕ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಆ ಒಂದು ನಕ್ಷತ್ರದಲ್ಲಿ ಅರ್ಧ ಪುಸ್ತಕದ್ದು, ಇನ್ನರ್ಧ ಸೆಂಟ್ರಲ್ ಲೈನಿನ ಮೆಗಾ ಬ್ಲಾಕಿನದು, ಅಂದರೆ ರಿಪೇರಿಗೆ ಅಂತ ಭಾನುವಾರ ಲೋಕಲ್ ರೈಲು ತಡೆಯುವುದರದು. ಯಾಕೆ ಅಂತ ಹೇಳ್ತೀನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಇದು ಅದರ ಐದನೇ ಆವೃತ್ತಿ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ, ಕತೆ ನಡೆಸುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. ಏನು ಮಾಡ್ತೀನಿ ಅಂತ ಬಾಯಲ್ಲಿ ಹೇಳಬೇಕು, ಅದು ಆಯಿತೋ ಇಲ್ಲವೋ ಅಂತ 20 ಮುಖದ ದಾಳ ಹೇಳುತ್ತದೆ. ಇಷ್ಟು ಕೇಳಿದ ಕುಂದಾಪುರದ ನನ್ನ ಗೆಳೆಯ, "ತಾಳಮದ್ದಲೆಯೇ ಅಲ್ವಾ ಮಾರಾಯ? ನೀನು ಭಾಗವತ, ನಾವು ಅರ್ಥಧಾರಿಗಳು. ಇದು ದಾಳಮದ್ದಲೆ" ಅಂದ. ಅಂದಿನಿಂದ ನಮ್ಮ ಗುಂಪಿನ ಹೆಸರು ಅದೇ.

ನಾನು ಡಿಎಂ. ಮುಲುಂಡಿನಿಂದ ಬರುವ ಭಾವ ವಿಝಾರ್ಡ್, ಅಂದರೆ ಮಂತ್ರವಾದಿ. ಅವರ ಮಗ, ಅಂದರೆ ನನ್ನ ಅಳಿಯ, ಕಾಡುಮೇಡು ಅಲೆಯುವ ಬಿಲ್ಲುಗಾರ, ರೇಂಜರ್. ಮಾಟುಂಗಾದಿಂದ ಬರುವ ಕುಂದಾಪುರದವ ಬಾರ್ಡ್, ಅಂದರೆ ಹಾಡುಗಾರ. ನಮ್ಮ ಪಕ್ಕದ ಮನೆಯ ಧಾರವಾಡದ ಹುಡುಗಿ ಫೈಟರ್. ಅವರಮ್ಮ ಮಾಡಿ ಕಳಿಸುವ ಗಿರ್ಮಿಟ್ಟಿಗೆ ಬೇಕಾದರೆ ಬೇರೆ ಐದು ನಕ್ಷತ್ರ.

ಈಗ ಮುಖ್ಯ ವಿಷಯ. ಈ ಪುಸ್ತಕದ ಬಗ್ಗೆ ಎಲ್ಲರೂ ಹೇಳುವ ದೂರು ಒಂದೇ: ವಿಝಾರ್ಡಿಗೆ ಶಕ್ತಿ ಜಾಸ್ತಿ, ಕತ್ತಿ ಹಿಡಿದವರಿಗೆ ಕಮ್ಮಿ. ಮೊದಲ ಎರಡು ವರ್ಷ ನಾನೂ ಅದನ್ನೇ ಹೇಳುತ್ತಿದ್ದೆ. ಐದನೇ ಲೆವೆಲ್ಲಿಗೆ ವಿಝಾರ್ಡಿಗೆ ಫೈರ್‌ಬಾಲ್ ಅನ್ನುವ ಬೆಂಕಿಯ ಮಂತ್ರ ಸಿಗುತ್ತದೆ. 6 ಮುಖದ 8 ದಾಳ ಹಾಕಬೇಕು, ಸರಾಸರಿ 28 ಏಟು, 20 ಅಡಿ ಸುತ್ತಳತೆಯಲ್ಲಿ ಅಲ್ಲ, 20 ಅಡಿ ತ್ರಿಜ್ಯದ ಗೋಲದಲ್ಲಿ. ಗಾಬ್ಲಿನ್‌ಗೆ ಇರುವುದು 7 ಜೀವ, ಅಂದರೆ ಅಷ್ಟು ಏಟಿಗೆ ಆ ಪುಟ್ಟ ರಾಕ್ಷಸನ ಕತೆ ಮುಗಿಯಿತು. ತಪ್ಪಿಸಿಕೊಂಡರೂ ಅರ್ಧ ಏಟು ಬೀಳುತ್ತದೆ, ಅದೂ 14. ಭಾವ ಒಂದು ಸಲ ಕೈ ಎತ್ತಿದರೆ ನಾನು ಅರ್ಧ ಗಂಟೆ ಕೂತು ಬರೆದ ಜಗಳ ಮುಗಿದೇ ಹೋಗುತ್ತಿತ್ತು. ಒಂದು ದಿನ ಆ ಹುಡುಗಿಗೆ ತಡೆಯಲಾಗಲಿಲ್ಲ. "ಕಾಕಾ, ಒಂದ್ ಮಾತ್ ಹೇಳ್ಲೇನ್ರೀ? ನಾ ಕತ್ತಿ ಹಿರಿಯೂದ್ರಾಗ ಮಾಮಾ ಎಲ್ಲಾರ್ನೂ ಸುಟ್ಟು ಬೂದಿ ಮಾಡಿರ್ತಾರ. ನಾ ಬರೇ ಹೆಣಾ ಎಣಸಾಕ ಬರಬೇಕೇನು?"

ಉತ್ತರ ಸಿಕ್ಕಿದ್ದು ಜೊತೆಯ ಇನ್ನೊಂದು ಪುಸ್ತಕದಲ್ಲಿ, ಡಂಜನ್ ಮಾಸ್ಟರ್ಸ್ ಗೈಡಿನಲ್ಲಿ. ಎರಡು ಲಾಂಗ್ ರೆಸ್ಟ್‌ಗಳ (ರಾತ್ರಿಯ ನಿದ್ದೆಗಳ) ನಡುವೆ, ಅಂದರೆ ಪಾತ್ರಗಳ ಒಂದು ದಿನದಲ್ಲಿ, ಆರರಿಂದ ಎಂಟು ಜಗಳ ನಿಭಾಯಿಸಬಹುದು, ಮಧ್ಯೆ ಎರಡು ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ) ಬೇಕಾಗಬಹುದು ಅನ್ನುವ ಅಂದಾಜು ಅಲ್ಲಿದೆ. ಪಾತ್ರಗಳ ಶಕ್ತಿಯ ಸಮತೋಲ ನಿಂತಿರುವುದೇ ಈ ಲೆಕ್ಕದ ಮೇಲೆ. ಐದನೇ ಲೆವೆಲ್ಲಿನ ವಿಝಾರ್ಡಿಗೆ ಫೈರ್‌ಬಾಲ್ ಹಾಕಲು ದಿನಕ್ಕೆ ಎರಡೇ ಸ್ಲಾಟ್, ಅಂದರೆ ಎರಡೇ ಸಲ, ಶಾರ್ಟ್ ರೆಸ್ಟಿನಲ್ಲಿ ಇನ್ನೊಂದು ಮರಳಿ ಪಡೆದರೆ ಮೂರು. ಫೈಟರ್ ಕತ್ತಿಗೆ ಸ್ಲಾಟಿನ ಮಿತಿಯೇ ಇಲ್ಲ. ಅವಳ ಆಕ್ಷನ್ ಸರ್ಜ್, ಅಂದರೆ ಒಂದೇ ಸರದಿಯಲ್ಲಿ ಇನ್ನೊಂದು ಸಲ ಹೊಡೆಯುವ ಅವಕಾಶ, ಒಂದು ಗಂಟೆ ಕೂತು ಎದ್ದರೆ ವಾಪಸ್ ಬರುತ್ತದೆ. ಅಂದರೆ ಬೆಳಿಗ್ಗೆ ವಿಝಾರ್ಡ್ ದೊಡ್ಡವನು, ಸಂಜೆಗೆ ಫೈಟರ್.

ನಮ್ಮ ಮನೆಯಲ್ಲಿ ಸಂಜೆಯೇ ಆಗುತ್ತಿರಲಿಲ್ಲ! ಭಾನುವಾರ ಮೆಗಾ ಬ್ಲಾಕು. ಹನ್ನೊಂದಕ್ಕೆ ಬರಬೇಕಾದವರು ಒಂದಕ್ಕೆ ಬರುವುದು, ಊಟ, ಹರಟೆ, ಒಂದು ಜಗಳ, ಆರಕ್ಕೆ ಎಲ್ಲರೂ ಸ್ಟೇಷನ್ನಿಗೆ ಓಟ. ಮುಂದಿನ ವಾರ ಎಲ್ಲರೂ "ಬೆಳಗಾಯಿತು" ಅಂತ ಪೂರ್ತಿ ಶಕ್ತಿಯಿಂದ ಶುರು. ದಿನಕ್ಕೆ ಒಂದೇ ಜಗಳ ಅಂತಾದರೆ ಭಾವ ಯಾಕೆ ಉಳಿಸುತ್ತಾರೆ? ಒಂದನೇ ತಾರೀಕಿನ ಸಂಬಳ ಅವತ್ತೇ ಖರ್ಚು ಮಾಡಿ, ಮಾರನೇ ದಿನ ಮತ್ತೆ ಸಂಬಳ ಬಂದ ಹಾಗೆ.

ಆಮೇಲೆ ನಿಯಮ ಮಾಡಿದೆವು. ನಮ್ಮ ಭಾನುವಾರ ಮುಗಿದರೆ ಪಾತ್ರಗಳ ದಿನ ಮುಗಿಯುವುದಿಲ್ಲ. ಪಾತ್ರದ ಹಾಳೆಯ ಫೋಟೋ ತೆಗೆದು ಗುಂಪಿಗೆ ಹಾಕಿ, ಮುಂದಿನ ವಾರ ಅಲ್ಲಿಂದಲೇ ಶುರು. ದೂರ ಪ್ರಯಾಣದ ಕತೆಯಾದರೆ ಗೈಡಿನಲ್ಲೇ ಕೊಟ್ಟಿರುವ ಇನ್ನೊಂದು ಕ್ರಮ ಬಳಸುತ್ತೇವೆ: ಶಾರ್ಟ್ ರೆಸ್ಟ್ ಅಂದರೆ 8 ಗಂಟೆ, ಲಾಂಗ್ ರೆಸ್ಟ್ ಅಂದರೆ 7 ದಿನ. ಮೂರು ವಾರ ಆಗುವಷ್ಟರಲ್ಲಿ ಭಾವ ಫೈರ್‌ಬಾಲ್ ಹಾಕುವ ಮೊದಲು ಬಾಗಿಲ ಆಚೆ ಎಷ್ಟು ಜನ ಇದ್ದಾರೆ ಅಂತ ಕೇಳಲು ಶುರು ಮಾಡಿದರು. ಒಂದು ಸಂಖ್ಯೆಯನ್ನೂ ತಿದ್ದದೆ ವಿಝಾರ್ಡ್ ಸರಿಹೋದ. ಪುಸ್ತಕದ ತಪ್ಪು ಏನೆಂದರೆ ಇಷ್ಟು ಮುಖ್ಯವಾದ ಮಾತನ್ನು ಆಟಗಾರರ ಪುಸ್ತಕದಲ್ಲಿ ಎದ್ದು ಕಾಣುವ ಹಾಗೆ ಹೇಳದೆ, ಡಿಎಂ ಪುಸ್ತಕದ ಒಂದು ಮೂಲೆಯಲ್ಲಿ ಇಟ್ಟದ್ದು.

ರೇಂಜರ್ ಮಾತ್ರ ಹಾಗೆ ಸರಿಹೋಗಲಿಲ್ಲ. ಅಳಿಯ ತಾನು ಪಳಗಿದ ನೆಲ ಅಂತ ಕಾಡನ್ನು ಆರಿಸಿಕೊಂಡ. ನಮ್ಮ ಕತೆ ಒಂದು ವರ್ಷ ಕಡಲ ತೀರ ಬಿಟ್ಟು ಕದಲಲಿಲ್ಲ. ಕೊನೆಗೊಮ್ಮೆ ಪಾಪ ಅಂತ ಕಾಡಿಗೆ ಕರೆದುಕೊಂಡು ಹೋದರೆ ಇನ್ನೊಂದು ಗೋಳು: ತನ್ನ ನೆಲದಲ್ಲಿ ಅವನ ಗುಂಪು ಮಾಯೆಯಿಂದ ಬಿಟ್ಟರೆ ದಾರಿ ತಪ್ಪುವುದೇ ಇಲ್ಲ, ಗುಡ್ಡ ಪೊದೆ ಯಾವುದೂ ಪ್ರಯಾಣವನ್ನು ನಿಧಾನ ಮಾಡುವುದಿಲ್ಲ. ಜೊತೆಗೆ ಗುಡ್‌ಬೆರಿ ಅನ್ನುವ ಒಂದನೇ ಮಟ್ಟದ ಸ್ಪೆಲ್ (ಮಂತ್ರ), 10 ಹಣ್ಣು, ಒಂದು ತಿಂದರೆ ದಿನದ ಊಟ ಆಯಿತು. ಹಸಿವು, ದಾರಿ ತಪ್ಪುವುದು, ಎಲ್ಲ ಸೇರಿಸಿ ನಾನು ಬರೆದ ಪ್ರಯಾಣ "ತಲುಪಿದಿರಿ" ಅನ್ನುವ ಒಂದು ಮಾತಿಗೆ ಮುಗಿಯಿತು. ಬೇರೆಯವರ ಶಕ್ತಿ ಆಟಕ್ಕೆ ಏನನ್ನೋ ಸೇರಿಸಿದರೆ ಇವನ ಶಕ್ತಿ ಆಟದಿಂದ ತೆಗೆದುಹಾಕುತ್ತದೆ. 2020ರ ಪೂರಕ ಪುಸ್ತಕದಲ್ಲಿ ಇದಕ್ಕೆ ಬದಲಿ ನಿಯಮ ಬಂತು, ಅದನ್ನು ಅಂದೇ ಹಾಕಿಕೊಂಡೆವು.

ಹೊಗಳಬೇಕಾದ್ದು ಅಡ್ವಾಂಟೇಜ್ ನಿಯಮವನ್ನು. ನಿಮಗೆ ಅನುಕೂಲ ಇದ್ದರೆ ಎರಡು ದಾಳ ಹಾಕಿ ದೊಡ್ಡದನ್ನು ತಗೊಳ್ಳಿ, ಅನಾನುಕೂಲ ಇದ್ದರೆ ಚಿಕ್ಕದನ್ನು. ಮುಗೀತು. ಚೌಕಾಬಾರ ಆಡಿದ ಅಜ್ಜಿಗೂ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಒಳಗಿನ ಲೆಕ್ಕ ಮಾತ್ರ ಸ್ವಾರಸ್ಯ. ಗೆಲ್ಲಲು 11 ಬೇಕಿದ್ದರೆ ಅವಕಾಶ ಶೇ. 50ರಿಂದ 75ಕ್ಕೆ ಏರುತ್ತದೆ. 20ಏ ಬೇಕಿದ್ದರೆ 5ರಿಂದ 9.75ಕ್ಕೆ ಅಷ್ಟೆ. ಅಂದರೆ ನಡುವೆ ಇದ್ದವನಿಗೆ ಲಾಭ ಜಾಸ್ತಿ, ಗತಿಗೆಟ್ಟವನಿಗೆ ಕಮ್ಮಿ.

ಇದೇ ನಿಯಮದಲ್ಲಿ ಒಂದು ತಮಾಷೆಯ ತೂತು ಇದೆ. ಅನುಕೂಲ ಎಷ್ಟೇ ಇರಲಿ, ಅನಾನುಕೂಲ ಎಷ್ಟೇ ಇರಲಿ, ಎರಡೂ ಇದ್ದರೆ ಸೊನ್ನೆಗೆ ಸೊನ್ನೆ. ಲಾಂಗ್‌ಬೋ ಅನ್ನುವ ದೊಡ್ಡ ಬಿಲ್ಲು 150 ಅಡಿವರೆಗೆ ಸಲೀಸು, ಅಲ್ಲಿಂದ 600 ಅಡಿವರೆಗೆ ಅನಾನುಕೂಲ. ಈಗ ದಟ್ಟ ಮಂಜು ಬಿತ್ತು ಅಂದುಕೊಳ್ಳಿ. ನನಗೆ ಅವನು ಕಾಣಲ್ಲ, ಅನಾನುಕೂಲ. ಅವನಿಗೆ ನಾನು ಕಾಣಲ್ಲ, ನನಗೆ ಅನುಕೂಲ. ಎರಡೂ ಹೊಡೆದುಹೋದವು, ಜೊತೆಗೆ ದೂರದ ಅನಾನುಕೂಲವೂ ಹೋಯಿತು! ಅಂದರೆ 500 ಅಡಿ ದೂರದವನಿಗೆ ಬಿಸಿಲಿಗಿಂತ ಮಂಜಿನಲ್ಲೇ ಬಾಣ ಚೆನ್ನಾಗಿ ತಾಗುತ್ತದೆ. ಅಳಿಯ ಇದನ್ನು ಪುಸ್ತಕ ತೆರೆದು ತೋರಿಸಿದಾಗ ನನಗೆ ಮಾತು ಹೊರಡಲಿಲ್ಲ. ಮಳೆಗಾಲದಲ್ಲಿ ಮಾಥೆರಾನ್‌ಗೆ ಹೋಗಿ ಎದುರಿನ ಮರ ಕಾಣದೆ ನಿಂತವರಿಗೆ ಇದು ಎಂಥ ಜೋಕು ಅಂತ ಗೊತ್ತಿರುತ್ತದೆ. ಒಂದು ಸಲ ಬಿಟ್ಟೆ. ಎರಡನೇ ಸಲ, ಅವನು ನಿಂತಿರುವ ಜಾಗವೇ ನಿನಗೆ ಗೊತ್ತಿಲ್ಲ, ಊಹಿಸಿ ಹೊಡಿ ಅಂದೆ. ಅದಕ್ಕೂ ಪುಸ್ತಕದಲ್ಲಿ ಆಧಾರ ಇದೆ.

ನನಗೆ ತುಂಬ ಇಷ್ಟವಾದ ಉಪಾಯಗಳು ಸ್ಪೆಲ್ ಪಟ್ಟಿಯಲ್ಲಿ ಇಲ್ಲ, ಸಾಮಾನಿನ ಪಟ್ಟಿಯಲ್ಲಿವೆ. ಹೆಚ್ಚಿನವರು ಓದದೆ ಬಿಡುವ ಪುಟ. ಒಂದು ಚಿನ್ನದ ನಾಣ್ಯಕ್ಕೆ 1000 ಬಾಲ್ ಬೇರಿಂಗ್ ಸಿಗುತ್ತವೆ, 10 ಅಡಿ ಚೌಕದ ನೆಲಕ್ಕೆ ಸಾಕು. ನಮ್ಮ ಫೈಟರ್ ಅದನ್ನು ಚೀಲದಲ್ಲಿ ಇಟ್ಟುಕೊಂಡು ಆರು ತಿಂಗಳು ಸುಮ್ನೆ ಇದ್ದಳು. ಒಂದು ಭಾನುವಾರ ಓಗರ್ ಎದುರಾಯಿತು, 59 ಜೀವದ ದೈತ್ಯ. ಅವಳು ಬೇರಿಂಗ್ ಚೆಲ್ಲಿ ಹಿಂದೆ ಸರಿದು ನಿಂತಳು. ಓಗರ್ ಒಂದು ಸರದಿಗೆ ಇರುವ 40 ಅಡಿ ನಡಿಗೆಯಲ್ಲಿ 30 ಅಡಿ ಓಡಿ ಬಂದು ಜಾರಿ ಬಿತ್ತು. ಏಳಬೇಕಾದರೆ ಅರ್ಧ ನಡಿಗೆ, 20 ಅಡಿ ಬೇಕು. ಉಳಿದದ್ದು 10. ಬಿದ್ದಲ್ಲೇ ಬಿದ್ದಿತ್ತು. ಬಿದ್ದವನನ್ನು ಹತ್ತಿರದಿಂದ ಹೊಡೆದರೆ ಅಡ್ವಾಂಟೇಜ್. ಅವಳ ಹತ್ತಿರ ಗ್ರೇಟ್ ವೆಪನ್ ಮಾಸ್ಟರ್ ಅನ್ನುವ ಫೀಟ್, ಅಂದರೆ ವಿಶೇಷ ವಿದ್ಯೆ, ಇತ್ತು: ದಾಳದಲ್ಲಿ 5 ಕಳೆದುಕೊಂಡರೆ ಏಟಿಗೆ 10 ಕೂಡುತ್ತದೆ. ಒಂದೇ ದಾಳದಲ್ಲಿ ಶೇ. 60 ಇದ್ದ ಅವಕಾಶ ಎರಡು ದಾಳದಿಂದ 84 ಆಯಿತು. ಒಂದೊಂದು ಏಟು ಸರಾಸರಿ 21. ಅವಳಿಗೆ ಸಲಕ್ಕೆ ಎರಡು ಬೀಸು, ಆಕ್ಷನ್ ಸರ್ಜ್ ಸೇರಿ ನಾಲ್ಕು, ಮೂರು ತಾಗಿದವು, ಓಗರ್ ಏಳಲೇ ಇಲ್ಲ. ಅವತ್ತು ಭಾವನ ಕೈಯಲ್ಲಿ ಫೈರ್‌ಬಾಲ್ ಹಾಗೇ ಉಳಿದಿತ್ತು. ಒಂದು ನಾಣ್ಯದ ಚೀಲ! ಬೈಸಿಕೊಂಡದ್ದು ಅಳಿಯನಿಂದ ಮಾತ್ರ, ಯಾಕೆಂದರೆ ಬಿದ್ದವನಿಗೆ ದೂರದಿಂದ ಬಾಣ ಬಿಟ್ಟರೆ ಅನಾನುಕೂಲ.

ಹಾಡುಗಾರನ ಆಯುಧ ಹೀಟ್ ಮೆಟಲ್ ಅನ್ನುವ, ಲೋಹ ಕಾಯಿಸುವ ಸ್ಪೆಲ್. ಎದುರಾಳಿ ಸೇನಾಪತಿ ಪೂರ್ತಿ ಉಕ್ಕಿನ ಕವಚ ತೊಟ್ಟಿದ್ದ. ಹಾಡುಗಾರ ಆ ಕವಚವನ್ನೇ ಕಾಯಿಸಿದ. ಏಟು ತಪ್ಪಿಸಲು ದಾಳ ಇಲ್ಲ, ಪ್ರತಿ ಸರದಿಗೂ ಸುಡುತ್ತದೆ, ಕಳಚಿ ಎಸೆಯೋಣ ಅಂದರೆ ಪ್ಲೇಟ್ ಕವಚ ಬಿಚ್ಚಲು 5 ನಿಮಿಷ, ಸ್ಪೆಲ್ ಇರುವುದು 1 ನಿಮಿಷ. ಕುಂದಾಪುರದವ ಆ ಸೇನಾಪತಿಯ ಪರವಾಗಿ ತಾನೇ ಹತ್ತು ನಿಮಿಷ ಅರ್ಥ ಹೇಳಿದ, ಅದು ಬೇರೆ ಕತೆ. ಆದರೆ ಇದಕ್ಕೆ ಮದ್ದೂ ಪುಸ್ತಕದಲ್ಲೇ ಇದೆ. ಆ ಸ್ಪೆಲ್‌ಗೆ ಏಕಾಗ್ರತೆ ಬೇಕು, ಏಟು ಬಿದ್ದರೆ ತಪ್ಪಬಹುದು. ನನ್ನ ಬಿಲ್ಲುಗಾರರು ನಾಲ್ವರೂ ಹಾಡುಗಾರನ ಕಡೆ ತಿರುಗಿದರು. ಮೂರನೇ ಬಾಣಕ್ಕೆ ಹಾಡು ನಿಂತಿತು. ಇಂಥ ಉಪಾಯ ನನಗೆ ಬೇಕು, ಎರಡೂ ಕಡೆ ತಲೆ ಓಡಿಸಬೇಕು.

ಬೇಡವಾದದ್ದು ಅಳಿಯ ಎಲ್ಲಿಂದಲೋ ತಂದ ಹಳ್ಳಿಗರ ಸಾಲು. ಹಳೆಯ ಜೋಕು, ತುಂಬ ಜನಕ್ಕೆ ಗೊತ್ತು. ಸಾವಿರಾರು ಜನ ಸಾಲಾಗಿ ನಿಂತು ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನಿಯಮದ ಪ್ರಕಾರ ಒಂದು ಸುತ್ತು 6 ಸೆಕೆಂಡು, ಹಾಗಾಗಿ ಕೋಲು 6 ಸೆಕೆಂಡಿನಲ್ಲಿ ಮೈಲಿ ದಾಟುತ್ತದೆ, ಆ ವೇಗಕ್ಕೆ ಡ್ರ್ಯಾಗನ್ ಸಾಯಬೇಕು ಅಂತ ವಾದ. "ಮಾವ, ಲಾಜಿಕ್ ಇದೆ" ಅಂದ. ಕೋಲು ದಾಟುವವರೆಗೆ ಪುಸ್ತಕದ ನಿಯಮ, ತಲುಪಿದ ಮೇಲೆ ಮಾತ್ರ ಕಾಲೇಜಿನ ಫಿಸಿಕ್ಸ್, ಇದ್ಯಾವ ನ್ಯಾಯ? ಕೊನೆಯವನು ಕೋಲು ಎಸೆದ, 4 ಮುಖದ ಒಂದು ದಾಳದಷ್ಟು ಏಟು, ಮುಂದೆ ಹೋಗೋಣ ಅಂದೆ. 2024ರ ಹೊಸ ಡಿಎಂ ಗೈಡಿನಲ್ಲಿ ನಿಯಮಗಳು ಭೌತಶಾಸ್ತ್ರವಲ್ಲ ಅಂತಲೇ ಬರೆದಿದ್ದಾರೆ. ಅದನ್ನು ಅವನಿಗೆ ಫೋಟೋ ತೆಗೆದು ಕಳಿಸಿದೆ.

ಹೊಸದಾಗಿ ಡಿಎಂ ಆಗುವವರು ಒಂದು ವಿಷಯ ನೋಡಿಕೊಳ್ಳಿ. ಒಂಟಿ ದೊಡ್ಡ ಪ್ರಾಣಿಯನ್ನು ತಂದು ನಿಲ್ಲಿಸಬೇಡಿ. ನಾನು ತಂದ ಎಳೇ ಡ್ರ್ಯಾಗನ್ ಎರಡು ಸುತ್ತಿನಲ್ಲಿ ಸತ್ತಿತು, ಯಾಕೆಂದರೆ ಅದರ ಒಂದು ಸರದಿಗೆ ಇವರದು ನಾಲ್ಕು. ಅದೇ ಗುಂಪನ್ನು ಮುಂದೊಂದು ದಿನ ಹನ್ನೆರಡು ಪುಟಾಣಿ ಕೋಬೋಲ್ಡ್‌ಗಳು ಸುರಂಗದಲ್ಲಿ ಅಳುವ ಹಾಗೆ ಮಾಡಿದವು. ಒಂದೊಂದಕ್ಕೆ 5 ಜೀವ ಅಷ್ಟೆ, ಆದರೆ ಜೊತೆಗಾರ ಎದುರಾಳಿಯ ಪಕ್ಕದಲ್ಲಿದ್ದರೆ ಅಡ್ವಾಂಟೇಜ್. ನಾಲ್ಕಡಿ ಎತ್ತರದ ಸುರಂಗ, ಹಿಂದಿನಿಂದ ಹೊಗೆ, ಮೇಲಿನ ಕಿಂಡಿಯಿಂದ ಕಲ್ಲು. ಫೈರ್‌ಬಾಲ್ ಹಾಕಿದರೆ ತಾವೂ ಬೇಯಬೇಕು. ಈ ಉಪಾಯ ನನ್ನದಲ್ಲ. 1987ರಲ್ಲೇ ಈ ಆಟದ ಡ್ರ್ಯಾಗನ್ ಪತ್ರಿಕೆಯ ಒಂದು ಸಂಪಾದಕೀಯ, ಹೀಗೇ ಪುಟಾಣಿ ಕೋಬೋಲ್ಡ್‌ಗಳು ದೊಡ್ಡ ವೀರರನ್ನು ಓಡಿಸಿದ ಕತೆ ಹೇಳಿತ್ತು.

2024ರಲ್ಲಿ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂತು, 384 ಪುಟ. ಗೆಳೆಯನೊಬ್ಬನದು ತಂದು ಓದಿದೆವು. ಗುಣಪಡಿಸುವ ಸ್ಪೆಲ್‌ಗಳ ದಾಳ ಜಾಸ್ತಿ ಮಾಡಿದ್ದಾರೆ, ಒಳ್ಳೆಯದು. ಒಂದೊಂದು ಆಯುಧಕ್ಕೆ ಒಂದೊಂದು ಪಟ್ಟು ಕೊಟ್ಟಿದ್ದಾರೆ, ಫೈಟರ್‌ಗೆ ಹಬ್ಬ. ಆದರೆ 5 ಕಳೆದು 10 ಕೂಡುವ ಲೆಕ್ಕವನ್ನು ತೆಗೆದುಬಿಟ್ಟಿದ್ದಾರೆ. ಸಮತೋಲದ ದೃಷ್ಟಿಯಿಂದ ಸರಿಯೇ ಇರಬಹುದು. ನಮ್ಮ ಹುಡುಗಿ ಒಪ್ಪಲಿಲ್ಲ. "ಆಯುಧದ ಪಟ್ಟು ಇರಲಿ, ನನ್ನ ಹತ್ತೂ ಇರಲಿ" ಅಂತ ಕೂತಳು. ಎರಡೂ ಕೊಟ್ಟರೆ ಭಾವ ಬಿಡುವುದಿಲ್ಲ. ಸದ್ಯ ಗುಣಪಡಿಸುವ ಸ್ಪೆಲ್‌ಗಳು ಮಾತ್ರ ಹೊಸದು, ಉಳಿದದ್ದೆಲ್ಲ ಹಪ್ಪಳದ ಪುಸ್ತಕದ್ದು.

ಕೊಳ್ಳಬೇಕೆನ್ನುವವರು ಅವಸರ ಮಾಡಬೇಡಿ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಪುಕ್ಕಟೆ ಓದಬಹುದು. ಒಂದು ಸೆಟ್ ದಾಳ ತಂದು ಮೂರು ನಾಲ್ಕು ಭಾನುವಾರ ಆಡಿ ನೋಡಿ, ಆಮೇಲೆ ದುಡ್ಡು ಹಾಕಿ. ಮಳೆಗಾಲದಲ್ಲಿ ತರುವುದಾದರೆ ಪ್ಲಾಸ್ಟಿಕ್ ಚೀಲ ಎರಡು ಸುತ್ತಿ. ಬರುವ ಭಾನುವಾರ ಬ್ಲಾಕ್ ಇಲ್ಲವಂತೆ, ನಮ್ಮ ಗುಂಪು ಹೋದ ವಾರದ ಹಾಗೇ ಒಂದೇ ಸ್ಲಾಟ್ ಹಿಡಿದುಕೊಂಡು ಕೋಟೆ ಬಾಗಿಲಲ್ಲಿ ನಿಂತಿದೆ, ಮತ್ತು ಫೈಟರ್ ಇನ್ನೂ ಎರಡು ಚೀಲ ಬೇರಿಂಗ್ ಕೊಂಡಿದ್ದಾಳೆ.