ಹನ್ನೆರಡು ಇಂಚಿನ ಬಭ್ರುವಾಹನ

ಆಟಿಕೆ ಅಂಗಡಿಗೆ ಹೋದರೆ ಹಾಲಿವುಡ್‌ನ ಸೂಪರ್‌ಹೀರೋಗಳು ಸಾಲಾಗಿ ನಿಂತಿರುತ್ತಾರೆ, ಆದರೆ 1977ರಲ್ಲಿ ತೆರೆಗೆ ಬಂದ ‘ಬಭ್ರುವಾಹನ’ ಚಿತ್ರದ ನಾಯಕ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಇಬ್ಬರು ಯುವಕರು ನಡೆಸುವ ಒಂದು ಚಿಕ್ಕ ಸ್ಟುಡಿಯೊದಲ್ಲಿ ನಾನೇ ಆ ಪಾತ್ರದ ಆಕ್ಷನ್ ಫಿಗರ್, ಅಂದರೆ ಕೈಕಾಲು ಆಡಿಸಬಲ್ಲ ಬೊಂಬೆ, ಮಾಡಿಸಿದೆ. ಒಬ್ಬನ ಒಂದೇ ಆರ್ಡರಿನ ಅನುಭವದಿಂದ ಯಾರ ವ್ಯಾಪಾರಕ್ಕೂ ಕುಂದು ಬರಬಾರದೆಂದು ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಒಪ್ಪಂದ ಸರಳವಾಗಿತ್ತು. ಒಟ್ಟು ₹16,500, ಅರ್ಧ ಮುಂಗಡ, ಆರು ವಾರದ ಗಡುವು. ಕೀಲುಗಳುಳ್ಳ ಹನ್ನೆರಡು ಇಂಚಿನ ದೇಹವನ್ನು ಅವರು ಸಿದ್ಧರೂಪದಲ್ಲಿ ತರಿಸಿಕೊಳ್ಳುತ್ತಾರೆ. ತಲೆ, ಕಿರೀಟ, ಆಭರಣ ಮತ್ತು ಬಿಲ್ಲನ್ನು ಕಂಪ್ಯೂಟರಿನಲ್ಲಿ ರೂಪಿಸಿ, ರೆಸಿನ್ ಎಂಬ ದ್ರವವನ್ನು ಗಟ್ಟಿಗೊಳಿಸಿ ವಸ್ತುವನ್ನು ರೂಪಿಸುವ ರೆಸಿನ್ ಪ್ರಿಂಟರಿನಲ್ಲಿ ಅಚ್ಚು ತೆಗೆಯುತ್ತಾರೆ. ಉಡುಗೆಯನ್ನು ಬಟ್ಟೆಯಲ್ಲೇ ಹೊಲಿಸುತ್ತಾರೆ. ನವರಾತ್ರಿಯ ಗೊಂಬೆ ಕೂರಿಸುವ ಹೊತ್ತಿಗೆ ಬೇಕೆಂದು ನಾನು ಮೊದಲೇ ಹೇಳಿದ್ದೆ.

ಎಲ್ಲಕ್ಕಿಂತ ಹೆಚ್ಚು ತೊಡಕಾದದ್ದು ಮುಖ. ಮೊದಲ ಕರಡಿನ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಅದು ಡಾ. ರಾಜ್‌ಕುಮಾರ್ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಆದರೆ ಅದು ಬಭ್ರುವಾಹನ ಆಗಿರಲಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡು ನಗುವ ಭಾವಚಿತ್ರಕ್ಕೆ ಕಿರೀಟ ತೊಡಿಸಿದಂತಿತ್ತು. ಈ ಚಿತ್ರದಲ್ಲಿ ಅರ್ಜುನನೂ ಅವರೇ, ಬಭ್ರುವಾಹನನೂ ಅವರೇ. ಅಪ್ಪ-ಮಗ ಎದುರುಬದುರು ನಿಂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಕೆಣಕುವ ದೃಶ್ಯವನ್ನು ನೋಡಿದವರಿಗೆ, ಒಂದೇ ಮುಖ ಎರಡು ಬೇರೆ ಬೇರೆ ಮನುಷ್ಯರಾಗುವುದು ಹೇಗೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರ ಬಿಡುಗಡೆಯಾದ ವರ್ಷವೇ ಥಿಯೇಟರಿನಲ್ಲಿ ನೋಡಿದ್ದ ನನ್ನ ಅಮ್ಮ, ಮೊಬೈಲನ್ನು ಕೈಯಲ್ಲಿ ದೂರ ಹಿಡಿದು ನೋಡಿ, “ಇದು ಅಪ್ಪನ ಮುಖ ಕಣೋ, ಮಗನದ್ದಲ್ಲ” ಎಂದರು. ಆ ಮಾತನ್ನು ಹಾಗೆಯೇ ಸ್ಟುಡಿಯೊಗೆ ಕಳಿಸಿದೆ.

ಎರಡನೆಯ ಕರಡಿನಲ್ಲಿ ಹುಬ್ಬು ಗಂಟಿಕ್ಕಿತ್ತು, ದವಡೆ ಬಿಗಿದಿತ್ತು, ಆದರೆ ಮೂಗು ಮೊಟಕಾಗಿತ್ತು! ಮುಖದ ಅನುಪಾತ ಚೆನ್ನಾಗಿ ಕಾಣಲೆಂದು ಕೊಂಚ ತಿದ್ದಿದೆವು ಎಂಬ ವಿವರಣೆ ಬಂತು. ಕನ್ನಡಿಗರೆಲ್ಲ ನೆರಳಿನಲ್ಲೂ ಗುರುತಿಸುವ ಆ ನೀಳ ಮೂಗನ್ನು ತಿದ್ದುವ ಧೈರ್ಯ ಇವರಿಗೆ ಎಲ್ಲಿಂದ ಬಂತೋ ನಾನರಿಯೆ. ಪಕ್ಕದಿಂದ ತೆಗೆದ ಸ್ಪಷ್ಟ ಚಿತ್ರಗಳು ಸಿಗಲಿಲ್ಲವೆಂಬ ಅವರ ಅಳಲಿನಲ್ಲಿ ಹುರುಳಿತ್ತೆಂದು ಒಪ್ಪಿ, ಟಿವಿಯಲ್ಲಿ ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ ಫೋಟೊ ತೆಗೆದು ಕಳಿಸಿದೆ. ಮೂರನೆಯ ಕರಡು ಸರಿಯಾಗಿ ಬಂತು. ಎರಡು ತಿದ್ದುಪಡಿಗಳಿಗೆ ಶುಲ್ಕವಿಲ್ಲ, ಮೊದಲ ಕರಡೇ ಮೂಲವಾದ್ದರಿಂದ ಲೆಕ್ಕ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವರು ಮೊದಲನೆಯದನ್ನೂ ಎಣಿಸಿ ₹1,500 ಹೆಚ್ಚುವರಿ ಕೇಳಿದರು. ತಾವೇ ಕತ್ತರಿಸಿದ ಮೂಗನ್ನು ತಾವೇ ಜೋಡಿಸಿದ್ದಕ್ಕೆ ಹಣ ಕೇಳಿದ್ದು ನ್ಯಾಯವೆನಿಸಲಿಲ್ಲ, ಆದರೂ ಕೊಟ್ಟೆ.

ಕೈಗೆ ಬಂದ ತಲೆಯ ಕೆಲಸವನ್ನು ಮಾತ್ರ ಮನಸಾರೆ ಹೊಗಳಬೇಕು. ನಿಜ ಮನುಷ್ಯನ ಆರರಲ್ಲೊಂದು ಅಳತೆಯಲ್ಲಿ ಇಡೀ ತಲೆ ಸುಮಾರು ನಾಲ್ಕು ಸೆಂಟಿಮೀಟರ್. ರೆಸಿನ್ ಪ್ರಿಂಟರು 0.05 ಮಿಲಿಮೀಟರಿನಷ್ಟು ತೆಳುವಾದ ಪದರಗಳನ್ನು ಒಂದರ ಮೇಲೊಂದು ಗಟ್ಟಿಗೊಳಿಸುತ್ತಾ ಹೋಗುವುದರಿಂದ ಮುಖದಲ್ಲಿ ಗೆರೆಗಳು ಬರಿಗಣ್ಣಿಗೆ ಕಾಣುವುದಿಲ್ಲ. ಅಚ್ಚಿಗೆ ಆಸರೆಯಾಗಿದ್ದ ಕಡ್ಡಿಗಳ ಗುರುತನ್ನೂ ಉಜ್ಜಿ ತೆಗೆದಿದ್ದಾರೆ, ಎಡಕಿವಿಯ ಹಿಂದೆ ಒಂದು ಚುಕ್ಕೆ ಉಳಿದಿದೆ ಅಷ್ಟೆ. ಚರ್ಮಕ್ಕೆ ಹೊಳಪಿಲ್ಲದ ವಾರ್ನಿಷ್ ಕೊಟ್ಟು ಕಣ್ಣಿಗೆ ಮಾತ್ರ ಹೊಳಪಿನದು ಹಚ್ಚಿರುವುದರಿಂದ, ದೀಪದ ಕೆಳಗೆ ಇಟ್ಟಾಗ ಆ ಎರಡು ಬಿಂದುಗಳಷ್ಟೇ ಮಿಂಚಿ, ಬಭ್ರುವಾಹನ ನಿಜಕ್ಕೂ ಎದುರಿರುವವನನ್ನು ಅಳೆಯುತ್ತಿರುವಂತೆ ಕಾಣುತ್ತದೆ.

ಕಿರೀಟ ಮತ್ತು ಆಭರಣಗಳ ಉಬ್ಬು ಕುಸುರಿಯೂ ಸೊಗಸಾಗಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪದಿಂದ ಮರದ ಗೊಂಬೆಗಳ ಮೇಲೆ ಎಬ್ಬಿಸುವ ಒಡವೆಗಳು ನೆನಪಾಗುತ್ತವೆ. ಆದರೆ ತೊಂದರೆ ಇರುವುದೂ ಅಲ್ಲೇ. ಭುಜಕೀರ್ತಿಗಳನ್ನು ಗಟ್ಟಿ ರೆಸಿನ್ನಿನಲ್ಲಿ ಮಾಡಿರುವುದರಿಂದ ತೋಳು ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ನಮ್ಮ ಬಭ್ರುವಾಹನ ಬಿಲ್ಲನ್ನು ಹಿಡಿಯಬಲ್ಲ, ಹೆದೆಯನ್ನು ಎಳೆಯಲಾರ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿ ಜಿ.ಐ. ಜೋ ಎಂಬ ಸೈನಿಕ ಬೊಂಬೆಯನ್ನು ತಂದಾಗ, ಗಂಡುಹುಡುಗರು ‘ಗೊಂಬೆ’ ಎಂದರೆ ಕೊಳ್ಳಲಾರರೆಂದು ‘ಆಕ್ಷನ್ ಫಿಗರ್’ ಎಂಬ ಹೆಸರು ಬಳಸಿತು. ಕೈ ಎತ್ತಲಾಗದ ಇದನ್ನು ನಾವು ನಾಚಿಕೆಯಿಲ್ಲದೆ ಗೊಂಬೆ ಎಂದೇ ಕರೆಯಬಹುದು. ಬಾಗುವಂಥ ರಬ್ಬರಿನಂತಹ ರೆಸಿನ್ನಿನಲ್ಲಿ ಭುಜಕೀರ್ತಿಯನ್ನು ಮತ್ತೆ ಮಾಡಿಕೊಡುತ್ತೇವೆಂದು ಹೇಳಿದ್ದಾರೆ. ಈ ಬರಹದ ಹೊತ್ತಿಗೆ ಬಂದಿಲ್ಲ.

ಉಡುಗೆಯ ಬಗ್ಗೆ ಒಂದು ಮಾತು. ಮೊದಲು ಹೊಲಿಸಿದ ವೀರಗಚ್ಚೆಯ ಬಟ್ಟೆ ದಪ್ಪವಾಗಿ, ನೆರಿಗೆಗಳು ಬೀಳದೆ ಬೆಲ್ಲದ ಮೂಟೆಯಂತೆ ಉಬ್ಬಿಕೊಂಡಿತ್ತು. ಅಮ್ಮನ ಹಳೆಯ ರೇಷ್ಮೆ ಸೀರೆಯ ಸವೆದು ತೆಳುವಾದ ಒಂದು ತುಂಡನ್ನು ಕೊಟ್ಟ ಮೇಲೆ ಸರಿಹೋಯಿತು. ಮಾಡಿಸುವವರು ಇದನ್ನು ಮೊದಲೇ ಹೇಳುವುದು ಒಳ್ಳೆಯದು.

ಗಡುವು ತಪ್ಪಿತು. ಪೆಟ್ಟಿಗೆ ಬಂದದ್ದು ವಿಜಯದಶಮಿಯ ಮರುದಿನ, ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದಾಗ. ಬಭ್ರುವಾಹನ ತೆರೆಕಂಡ ಅದೇ 1977ರಲ್ಲಿ ಅಮೆರಿಕದಲ್ಲಿ ‘ಸ್ಟಾರ್ ವಾರ್ಸ್’ ಬೊಂಬೆಗಳು ಕ್ರಿಸ್ಮಸ್ಸಿಗೆ ಸಿದ್ಧವಾಗದೆ, ಮುಂದೆ ಬೊಂಬೆ ಕಳಿಸುತ್ತೇವೆಂಬ ಪ್ರಮಾಣಪತ್ರವನ್ನು ಕೆನ್ನರ್ ಕಂಪನಿ ಮಾರಿತ್ತಂತೆ ಎಂದು ಸ್ಟುಡಿಯೊದವರೇ ನಗುತ್ತಾ ನೆನಪಿಸಿದರು. ಕಥೆ ನಿಜವೇ, ಆದರೆ ನನಗೆ ಅಂಥ ಪತ್ರವೂ ಬಂದಿರಲಿಲ್ಲ.

ಒಟ್ಟಾರೆ ಮುಖಕ್ಕೆ ಪೂರ್ಣ ಅಂಕ, ಚಲನೆಗೆ ಅರ್ಧ, ಸಮಯಪಾಲನೆಗೆ ಸೊನ್ನೆ. ಹಬ್ಬಕ್ಕೆ ಬೇಕಾದವರು ನಾಲ್ಕು ತಿಂಗಳು ಮೊದಲೇ ಆರ್ಡರ್ ಕೊಡಿ, ಪಕ್ಕದ ಮುಖದ ಫೋಟೊಗಳನ್ನು ನೀವೇ ಹುಡುಕಿಕೊಡಿ, ತಿದ್ದುಪಡಿಯ ಎಣಿಕೆ ಎಲ್ಲಿಂದ ಶುರುವಾಗುತ್ತದೆಂದು ಬರವಣಿಗೆಯಲ್ಲಿ ಪಡೆಯಿರಿ. ನಾನಂತೂ ಎದುರಿಗೆ ನಿಲ್ಲಿಸಲು ಅರ್ಜುನನನ್ನೂ ಮಾಡಿಸಬೇಕೆಂದಿದ್ದೇನೆ. ಅಪ್ಪನ ಮುಖ ಮೊದಲ ಕರಡಿನಲ್ಲೇ ಸಿದ್ಧವಿರುವುದರಿಂದ ಅದರ ವಿನ್ಯಾಸಕ್ಕೆ ಹೊಸದಾಗಿ ಹಣ ಕೇಳಬಾರದೆಂದು ಅವರಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.