ಲಸಿಕೆ ಚೀಟಿ ತೋರಿಸಿ ಕೋಳಿ ಮರಿ ಮಾರುವವರನ್ನು ನಂಬಬೇಡಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರಂತೂ ಬೇಡವೇ ಬೇಡ

ಬಾಗಲಕೋಟೆ, ನವನಗರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ 5 ವರ್ಷದೊಳಗಿನ ಮಕ್ಕಳಿದ್ದರೆ ಖಂಡಿತ ಓದಿ. ನನ್ನ ಮಗಳು ದವಾಖಾನೆಯಿಂದ ಮನೆಗೆ ಬಂದಿದ್ದಾಳೆ, ಈಗ ಆರಾಮ ಇದ್ದಾಳೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ.

ಸಂತೆಯಲ್ಲಿ ಜವಾರಿ, ಗಿರಿರಾಜ ಮರಿ ಮಾರುವ ಒಬ್ಬನ ಹತ್ತಿರ ಮರಿ ತಂದೆವು. ಬೇರೆಯವರಿಗಿಂತ ರೇಟು ಜಾಸ್ತಿ. ಯಾಕಂದರೆ ಅವನು ಲಸಿಕೆ ಚೀಟಿ ತೋರಿಸಿದ. ಸೀಲು, ಸಹಿ ಎಲ್ಲಾ ಇತ್ತು. ಮಗಳನ್ನು ಎತ್ತಿಕೊಂಡೇ ಅವನನ್ನು ಕೇಳಿದ್ದೆ, ಮನೆಯಲ್ಲಿ ಸಣ್ಣ ಕೂಸಿದೆ, ಏನೂ ತೊಂದರೆ ಇಲ್ಲ ಅಲ್ವಾ ಅಂತ. "ಎಲ್ಲಾ ಇಂಜೆಕ್ಷನ್ ಆಗ್ಯಾವ್ರೀ ಅಕ್ಕಾರ. ಯಾವ ರೋಗಾನೂ ಇಲ್ಲ. ಕೂಸಿನ ಕೈಯಾಗ ಕೊಡ್ರಿ, ಆಡ್ಲಿ" ಅಂದ. ಮರಿಗೆ ಥಂಡಿ ಆಗ್ತದ, ಮನಿ ಒಳಗ ಇಡ್ರಿ ಅಂತಲೂ ಅವನೇ ಹೇಳಿದ. ಮೇಲೆ ನೀರಲ್ಲಿ ಕಲಸುವ ಪುಡಿ ಒಂದು ಪೊಟ್ಟಣ. ಅದಕ್ಕೆ ಬೇರೆ ದುಡ್ಡು.

ಮರಿಗಳು ಚುರುಕಾಗಿದ್ದವು. ಮಗಳು ಎದೆಗೆ ಒತ್ತಿಕೊಂಡು ಮುದ್ದು ಕೊಡುತ್ತಿದ್ದಳು. ಕೆಲವೇ ದಿನಕ್ಕೆ ಅವಳಿಗೆ ಜ್ವರ, ಹೊಟ್ಟೆನೋವು, ಭೇದಿ. ಭೇದಿಯಲ್ಲಿ ರಕ್ತ ಕಂಡಾಗ ನನ್ನ ಜೀವವೇ ಹೋದಂತಾಯಿತು. ಅಡ್ಮಿಟ್ ಮಾಡಿ ಸಲಾಯಿನ್ ಹಚ್ಚಿದರು. ಯಾವ ಕ್ರಿಮಿ ಅಂತ ನೋಡುವ ಕಲ್ಚರ್ ರಿಪೋರ್ಟಿನಲ್ಲಿ ಸಾಲ್ಮೊನೆಲ್ಲಾ ಅನ್ನುವ ಭೇದಿ ತರುವ ಕ್ರಿಮಿ ಬಂತು. "ಮನೆಯಲ್ಲಿ ಕೋಳಿ ಸಾಕಿದ್ದೀರಾ?" ಅಂತ ಡಾಕ್ಟರ್ ಕೇಳಿದರು. ವಾರ್ಡಿನವರೆಲ್ಲ ನನ್ನ ಕಡೆ ತಿರುಗಿದರು. ಲಸಿಕೆ ಆಗಿದೆ ಸರ್ ಅಂದೆ. ಅವರು ಏನೂ ಹೇಳದೆ ಚೀಟಿ ದನದ ದವಾಖಾನೆಯಲ್ಲಿ ತೋರಿಸಿ ಅಂದರು.

ಅಲ್ಲಿ ಡಾಕ್ಟರ್ ಒಂದೊಂದೇ ಓದಿದರು. ಮಾರೆಕ್ಸ್. ರಾಣಿಖೇತಕ್ಕೆ ಲಸೋಟಾ. ಗಂಬೋರೊ. "ಇವೆಲ್ಲ ಕೋಳಿ ಸಾಯಬಾರದು ಅಂತ ಹಾಕುವುದು ಅಮ್ಮಾ. ಸಾಲ್ಮೊನೆಲ್ಲಾಗೂ ಇದಕ್ಕೂ ಸಂಬಂಧವೇ ಇಲ್ಲ." ನೆಲ ಕುಸಿದಂತಾಯಿತು. ಚೀಟಿ ಸುಳ್ಳಲ್ಲ, ಅದನ್ನು ತೋರಿಸಿ ಅವನು ಹೇಳಿದ್ದು ಸುಳ್ಳು! ಆ ಪುಡಿ ಆಂಟಿಬಯಾಟಿಕ್. ಅದನ್ನು ಹಾಕಿದರೂ ಕ್ರಿಮಿ ಹೋಗುತ್ತದೆ ಅಂತ ಹೇಳಲಾಗದು. ಸಾಲ್ಮೊನೆಲ್ಲಾ ಕೋಳಿಯ ಕರುಳಿನಲ್ಲಿರುತ್ತದೆ. ಕೋಳಿಗೆ ಏನೂ ಆಗಿರುವುದಿಲ್ಲ, ಗಟ್ಟಿಮುಟ್ಟಾಗಿ ಓಡಾಡುತ್ತದೆ. ಹಿಕ್ಕೆಯಿಂದ ಪುಕ್ಕ, ಕಾಲು, ನೆಲ ಎಲ್ಲಾ ಕಡೆ ಹತ್ತುತ್ತದೆ. ಅಲ್ಲಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ.

ಅವನಿಗೆ ಫೋನ್ ಮಾಡಿದೆ. ಏನಂದ ಗೊತ್ತಾ? "ನಮ್ಮ ಮರಿ ಸತ್ತಾವೇನ್ರೀ? ಇಲ್ಲಲ್ಲ. ಮತ್ತೇನ್ ಕಂಪ್ಲೇಂಟ್ರಿ ನಿಮ್ದು?" ನನ್ನ ಮಗಳು ಸಲಾಯಿನ್ ಮೇಲಿದ್ದಾಳೆ ಅಂದೆ. "ಹೊರಗ ಏನರ ತಿಂದಿರ್ಬೇಕ್ರಿ. ನಮ್ಮ ಹುಡುಗ್ರು ಕೋಳಿ ಜೋಡಿನ ಮಲಗ್ತಾವ, ಏನಾಗೇದ?" ಅಂದ. ಮತ್ತೆ ಮಾಡಿದರೆ "ನಮ್ಮ ಮರಿಯಿಂದನ ಬಂದದ ಅಂತ ಬರಸ್ಕೊಂಡ್ ಬರ್ರಿ" ಅಂದ. ಈಗ ನನ್ನ ನಂಬರ್ ಬ್ಲಾಕ್. ಯಾವ ಮರಿಯಲ್ಲಿ ಬೇಕಾದರೂ ಈ ಕ್ರಿಮಿ ಇರಬಹುದು, ಅದಕ್ಕೆ ಅವನನ್ನು ಬೈಯುತ್ತಿಲ್ಲ. ಕೂಸಿನ ಕೈಯಲ್ಲಿ ಕೊಡಿ, ಒಳಗೆ ಇಡಿ ಅಂದನಲ್ಲ, ಅದಕ್ಕೆ ಬೈಯುತ್ತಿದ್ದೇನೆ. ನಾನು ಕೇಳಿದ್ದೇ ಕೂಸಿನ ಬಗ್ಗೆ!

5 ವರ್ಷದೊಳಗಿನ ಮಕ್ಕಳಿಗೆ ಮರಿ ಮುಟ್ಟಲು ಕೊಡಬೇಡಿ. ಯಾರು ಎಷ್ಟೇ ಹೇಳಲಿ. ಮನೆಯೊಳಗೆ, ಅದರಲ್ಲೂ ಅಡುಗೆಮನೆ ಹತ್ತಿರ, ಇಡಬೇಡಿ. ಗೂಡಿಗೆ ಹೋಗುವ ಚಪ್ಪಲಿ ಹಿತ್ತಲಲ್ಲೇ ಇರಲಿ. ಕೋಳಿ, ಮೊಟ್ಟೆ, ಗೂಡು ಯಾವುದನ್ನು ಮುಟ್ಟಿದರೂ ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ, ದೊಡ್ಡವರೂ ಅಷ್ಟೇ. ಒಡೆದ ಮೊಟ್ಟೆ ಬಿಸಾಡಿ. ಹಳದಿ ಗಟ್ಟಿಯಾಗುವ ತನಕ ಬೇಯಿಸಿ.

ಕೋಳಿ ಇರುವ ಮನೆಯ ಮಗುವಿಗೆ ಜ್ವರ, ಭೇದಿ ಶುರುವಾದರೆ ಮೆಡಿಕಲ್‌ನಿಂದ ಭೇದಿ ನಿಲ್ಲಿಸುವ ಗುಳಿಗೆ ತಂದು ಕೊಡಬೇಡಿ. ಓಆರ್‌ಎಸ್ ಕುಡಿಸುತ್ತಾ ದವಾಖಾನೆಗೆ ಹೋಗಿ, ಡಾಕ್ಟರ್ ಕೇಳುವ ಮೊದಲೇ ಮನೆಯಲ್ಲಿ ಕೋಳಿ ಇದೆ ಅಂತ ಹೇಳಿ.